ಅಮ್ಮನ ಬೆರಳುಗಳನ್ನು ಬರೆಯುವುದು

ಪ್ರಶ್ನೆ: ಅಮ್ಮ ತೀರಿಕೊಂಡು ಏಳು ತಿಂಗಳಾಯಿತು. ಶಂಕರಪುರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದವರು ಅವರು. ಈಗ ದಿನವೂ ರಾತ್ರಿ ಅವರ ಬಗ್ಗೆ ಬರೆಯುತ್ತೇನೆ. ಬರೆದ ಮೇಲೆ ಎದೆ ಇನ್ನಷ್ಟು ಭಾರವಾಗಿ ನಿದ್ದೆ ಬರುವುದಿಲ್ಲ. ಗಾಯ ಕೆದಕಬೇಡವೆಂದು ಅಣ್ಣ ಗದರುತ್ತಾನೆ. ನಿಲ್ಲಿಸಲೇ?
— ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ನಿಲ್ಲಿಸಬೇಕಾಗಿಲ್ಲ, ಆದರೆ ಮಲಗುವ ಹೊತ್ತಿನಲ್ಲಿ ಬರೆಯಬೇಡಿ. ಬರೆದ ಕೂಡಲೇ ಮನಸ್ಸು ಕುಗ್ಗುವುದು ಹೊಸ ಸಂಗತಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ದಿನ ದಿನಕ್ಕೆ 15 ನಿಮಿಷದಂತೆ ತಮಗಾದ ಆಘಾತವನ್ನೂ ಅದರ ನೋವನ್ನೂ ಬರೆದ ವಿದ್ಯಾರ್ಥಿಗಳು ಆ ಕ್ಷಣಕ್ಕೆ ಹೆಚ್ಚು ನೊಂದರೂ, ಮುಂದಿನ ತಿಂಗಳುಗಳಲ್ಲಿ ವೈದ್ಯರಲ್ಲಿಗೆ ಹೋದದ್ದು ಕಡಿಮೆ. ಆದರೆ ಸಂಗಾತಿಯನ್ನು ಕಳೆದುಕೊಂಡವರ ಕುರಿತು ಮಾರ್ಗರೆಟ್ ಸ್ಟ್ರೋಬ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆದದ್ದರಿಂದ ದುಃಖ ಬೇಗ ಇಳಿದದ್ದು ಕಾಣಲಿಲ್ಲ. ಆದ್ದರಿಂದ ಮದ್ದೆಂದು ಬರೆಯಬೇಡಿ.

ಹಾಗಾದರೆ ಏತಕ್ಕೆ? ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬಾಳೆನಾರಿನ ಮೇಲೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಊರಿಗೆಲ್ಲ ಗೊತ್ತು. ಆದರೆ ಎಣಿಕೆ ತಪ್ಪಿದಾಗ ನಿಮ್ಮ ಅಮ್ಮ ಏನೆಂದು ಗೊಣಗುತ್ತಿದ್ದರು, ನಾರು ಎಳೆದೆಳೆದು ಯಾವ ಬೆರಳಿನಲ್ಲಿ ಗೆರೆ ಬಿದ್ದಿತ್ತು ಎಂಬುದು ನಿಮ್ಮ ಮನೆಯವರಿಗಷ್ಟೇ ಗೊತ್ತು. ನಿಮ್ಮ ಸಂಕಟವನ್ನು ಕೆಲವು ದಿನ ಬದಿಗಿಟ್ಟು ಇದನ್ನು ಬರೆಯಿರಿ. ಮಾತು ಸಾಲದಿದ್ದರೆ ಪೆನ್ಸಿಲ್ ಹಿಡಿದು ಆ ಕೈಯ ಚಿತ್ರ ಬಿಡಿಸಿ. ಕೈ ಬಿಡಿಸುವುದು ಪಳಗಿದವರಿಗೂ ಕಷ್ಟ. ಹೆಬ್ಬೆರಳು ಎಲ್ಲಿ ಮಡಚುತ್ತಿತ್ತೆಂದು ನೆನೆಯುತ್ತ ಕುಳಿತಾಗ ಅಳು ಬಂದರೂ, ಅದರ ಜೊತೆಗೆ ಮಾಡಲೊಂದು ಕೆಲಸವಿರುತ್ತದೆ.

ಗಾಯ ಕೆದಕುವ ಮಾತಿಗೆ ಬಂದರೆ, ಆಟಿ ತಿಂಗಳಲ್ಲಿ ಅಗಲಿದವರಿಗೆ ಎಲೆ ಹಾಕಿ ಬಡಿಸುವ ತುಳುನಾಡಿನಲ್ಲಿ ಸತ್ತವರನ್ನು ನೆನೆಯುವುದನ್ನು ಕೆದಕುವುದೆನ್ನಲು ನನಗೆ ಮನಸ್ಸಾಗದು. ಬರೆಯದ ದಿನವೂ ನಿದ್ದೆ, ಊಟ ಹಾಳಾದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿರಿ, ಇಲ್ಲವೇ ಸರಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿರಿ.

ಅಣ್ಣನಿಗೆ ಪುಸ್ತಕ ತೋರಿಸಬೇಕೆಂದಿಲ್ಲ. ಅಮ್ಮ ನಾರನ್ನು ಎಡಗೈಗೆ ಸುತ್ತಿಕೊಳ್ಳುತ್ತಿದ್ದರೋ ಬಲಗೈಗೋ ಎಂದು ಒಮ್ಮೆ ಕೇಳಿ ನೋಡಿ.