ಒಂದೇ ಮನೆಯವರು ನಡೆಸುವ ಸೇಲಿಂಗ್ ಶಾಲೆ: ಅಪ್ಪ, ಅಮ್ಮ, ಮಗ, ಅಳಿಯ ಇವರಲ್ಲಿ ಯಾರ ಹತ್ತಿರ ಕಲಿಯುವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನೀವು ಮತ್ತು ನಿಮ್ಮ 10 ವರ್ಷದ ಮಗಳು ಹಾಯಿದೋಣಿ ನಡೆಸುವುದನ್ನು ಕಲಿಯಬೇಕೆಂದಿದ್ದೀರಿ. ಸಿಕ್ಕಿರುವ ಶಾಲೆ ಒಂದೇ ಕುಟುಂಬದ್ದು. ಅಪ್ಪ, ಅಮ್ಮ, ಮಗ, ಅಳಿಯ ನಾಲ್ಕೂ ಜನ ಕಲಿಸುತ್ತಾರೆ. ಅದರಲ್ಲೂ ಅಳಿಯ ಮದುವೆಯಾದ ಮೇಲಷ್ಟೇ ಹಾಯಿ ಹಗ್ಗ ಹಿಡಿದವನಂತೆ. ಇವರೆಲ್ಲ ಕಲಿಸಲು ಯೋಗ್ಯತೆ ಇರುವವರೋ, ಮನೆಯವರೆಂಬ ಕಾರಣಕ್ಕೆ ನಿಂತವರೋ ಎಂಬುದು ನಿಮ್ಮ ಅನುಮಾನ.

ನಾನು ಕಲಿತದ್ದು ಇಂಥದೇ ಒಂದು ಶಾಲೆಯಲ್ಲಿ. ಆಮೇಲೆ ಕೆಲವು ಸೀಸನ್ ಅಲ್ಲೇ ಸೇಫ್ಟಿ ಬೋಟ್, ಅಂದರೆ ಕಲಿಯುವವರಿಗೆ ತೊಂದರೆಯಾದರೆ ನೆರವಿಗೆ ಹೋಗುವ ಮೋಟಾರ್ ಬೋಟ್, ಓಡಿಸಿಕೊಂಡಿದ್ದೆ. ಸೇಫ್ಟಿ ಬೋಟ್ ಓಡಿಸುವವನಿಗೆ ಬೇರೆ ಕೆಲಸವೇನು, ಕಲಿಸುವವರನ್ನೂ ಕಲಿಯುವವರನ್ನೂ ದಿನವಿಡೀ ನೋಡುತ್ತಿರುವುದೇ. ಅಲ್ಲಿಂದ ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ: ದೊಡ್ಡವರಾದ ಮೇಲೆ ಮೊದಲ ಸಲ ಕಲಿಯುವವರಿಗೆ ಆ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಗುರು ಬಹುಶಃ ಆ ಅಳಿಯನೇ. ನೀವು ಸ್ವಲ್ಪ ಹುಷಾರಾಗಿ ನೋಡಬೇಕಾದವನು ಹುಟ್ಟಿದಾಗಿನಿಂದ ದೋಣಿಯಲ್ಲೇ ಬೆಳೆದ ಮಗ.

ಮೊದಲು ಸರ್ಟಿಫಿಕೇಟ್ ವಿಷಯ ಮುಗಿಸಿಬಿಡೋಣ. ದೋಣಿ ನಡೆಸಬಲ್ಲರು ಎಂಬ ಸರ್ಟಿಫಿಕೇಟ್ ಬೇರೆ, ಕಲಿಸಬಲ್ಲರು ಎಂಬ ಸರ್ಟಿಫಿಕೇಟ್ ಬೇರೆ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರಲ್ಲಿ ಯಾವುದು ಯಾವುದು ಎಂದು ಓದಿ ನೋಡಿ. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್, ಅಂದರೆ ಆರ್‌ವೈಎ, ಸಣ್ಣ ದೋಣಿಗಳ ಶಿಕ್ಷಕರಾಗಲು ಕನಿಷ್ಠ 16 ವರ್ಷ ಆಗಿರಬೇಕು ಅನ್ನುತ್ತದೆ. ಕೋರ್ಸಿಗೆ ಸೇರುವ ಮೊದಲೇ ಅವರ ಸೇಲಿಂಗ್ ಕೌಶಲವನ್ನು ಪರೀಕ್ಷೆ ಮಾಡುತ್ತಾರೆ. ಮೋಟಾರ್ ಬೋಟ್ ಓಡಿಸುವ ಸರ್ಟಿಫಿಕೇಟ್, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಎರಡೂ ಇರಬೇಕು. ಅಮೆರಿಕದಲ್ಲಿ 1983ರಲ್ಲಿ ಶುರುವಾದ ಅಮೆರಿಕನ್ ಸೇಲಿಂಗ್ ಅಸೋಸಿಯೇಷನ್‌ನಲ್ಲೂ ಶಿಕ್ಷಕರಿಗೆ ಪ್ರತ್ಯೇಕ ಪರೀಕ್ಷೆ ಉಂಟು. ಮುಖ್ಯವಾದದ್ದೇನೆಂದರೆ, ಇಂಥ ಕಡೆ ಪಾಸು ಮಾಡುವವರು ಮನೆಯವರಲ್ಲ, ಹೊರಗಿನವರು. ಅಪ್ಪನೇ ಮಗನಿಗೆ ಕಲಿಸಿ, ಅಪ್ಪನೇ "ಇನ್ನು ನೀನು ಮೇಷ್ಟ್ರು" ಎಂದು ಹೇಳಿದ್ದಷ್ಟೇ ಆಗಿದ್ದರೆ ಆ ಶಾಲೆ ಬೇಡ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟಿನ ಅವಧಿ ಮುಗಿದಿಲ್ಲ ತಾನೇ ಎಂದೂ ಕೇಳಿ. ಕೇಳಿದರೆ ಒಳ್ಳೆಯ ಶಾಲೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಒಳಗೆ ಹೋಗಿ ಫೈಲ್ ತಂದು ತೋರಿಸುತ್ತಾರೆ.

ಇನ್ನು ಅಳಿಯನ ವಿಷಯ. ಎರಡು ಮೂರು ವರ್ಷದ ಮಗುವಾಗಿದ್ದಾಗಿನಿಂದ ದೋಣಿಯಲ್ಲಿ ಕೂತವನಿಗೆ ಗಾಳಿ ಎಲ್ಲಿಂದ ಬೀಸುತ್ತಿದೆ ಎಂಬುದು ಗೊತ್ತಿರುತ್ತದೆ, ಆದರೆ ತನಗೆ ಅದು ಹೇಗೆ ಗೊತ್ತಾಯಿತು ಎಂಬುದು ಗೊತ್ತಿರುವುದಿಲ್ಲ. ನಾನಿದ್ದ ಶಾಲೆಯ ಮಗ ಅಂಥವನು. ಅದ್ಭುತವಾಗಿ ದೋಣಿ ನಡೆಸುತ್ತಿದ್ದ. ಹೊಸಬರಿಗೆ ಅವನು ಕೂಗಿ ಹೇಳುತ್ತಿದ್ದದ್ದು ಒಂದೇ ಮಾತು: "ಸ್ವಲ್ಪ ಗಾಳಿ ಕಡೆ ತಿರುಗಿಸಿ!" ಗಾಳಿ ಯಾವ ಕಡೆ ಎಂಬುದೇ ಹೊಸಬರಿಗೆ ತಿಳಿಯದು. ಅದರ ಮೇಲೆ ಟಿಲ್ಲರ್ ಬೇರೆ, ಚುಕ್ಕಾಣಿ ತಿರುಗಿಸುವ ಆ ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಉಲ್ಟಾ ತಳ್ಳುತ್ತಾರೆ, ದೋಣಿ ಗಿರ್ರನೆ ಸುತ್ತುತ್ತದೆ, ಹಾಯಿಯ ಕೆಳ ಅಂಚಿನಲ್ಲಿರುವ ಬೂಮ್ ಎಂಬ ಅಡ್ಡ ಕಂಬ ತಲೆಯ ಮೇಲೆ ಹಾದುಹೋಗುತ್ತದೆ. ಅವನು ಮತ್ತೆ ಅದನ್ನೇ, ಇನ್ನೂ ಜೋರಾಗಿ ಕೂಗುತ್ತಾನೆ.

ಅದೇ ಶಾಲೆಯ ಅಳಿಯ ಮಾಡುತ್ತಿದ್ದದ್ದು ಬೇರೆ. ದೋಣಿಯನ್ನು ನೀರಿಗೆ ಇಳಿಸುವ ಮೊದಲು ದಡದ ಮೇಲೆ ಟ್ರಾಲಿಯಲ್ಲೇ ನಿಲ್ಲಿಸಿ ಹೊಸಬರನ್ನು ಕೂರಿಸುತ್ತಿದ್ದ. "ಕಣ್ಣು ಮುಚ್ಚಿ. ಎರಡು ಕಿವಿಗೂ ಒಂದೇ ಸಮನಾಗಿ ಗಾಳಿಯ ಸದ್ದು ಕೇಳುವವರೆಗೆ ಮುಖ ತಿರುಗಿಸಿ. ಈಗ ಕಣ್ಣು ಬಿಡಿ. ಮೂಗು ತೋರಿಸುತ್ತಿರುವುದೇ ಗಾಳಿಯ ದಿಕ್ಕು." ಆಮೇಲೆ ಎರಡೂ ಕೈ ಚಾಚಿ ಆ ದಿಕ್ಕಿನ ಎಡಕ್ಕೆ ಸುಮಾರು 45 ಡಿಗ್ರಿ, ಬಲಕ್ಕೆ 45 ಡಿಗ್ರಿ ತೋರಿಸುತ್ತಿದ್ದ. ಇದರೊಳಗೆ ಯಾವ ಹಾಯಿದೋಣಿಯೂ ನೇರವಾಗಿ ಹೋಗಲಾರದು, ಅಂಕುಡೊಂಕಾಗಿಯೇ ಹೋಗಬೇಕು. ಟಿಲ್ಲರ್ ವಿಷಯದಲ್ಲಿ ಎಡ, ಬಲ ಎಂಬ ಮಾತೇ ಅವನ ಬಾಯಲ್ಲಿ ಬರುತ್ತಿರಲಿಲ್ಲ. ನೀವು ಕೂರುವುದು ಗಾಳಿ ಬರುವ ಬದಿಯಲ್ಲಿ, ಹಾಯಿ ಇರುವುದು ಎದುರು ಬದಿಯಲ್ಲಿ. "ಹಾಯಿ ಕಡೆಗೆ ದೂಡಿದರೆ ಮೂತಿ ಗಾಳಿಯತ್ತ. ನಿಮ್ಮ ಹೊಟ್ಟೆ ಕಡೆಗೆ ಎಳೆದುಕೊಂಡರೆ ಗಾಳಿಯಿಂದ ಆಚೆ. ಏನೂ ತೋಚದಿದ್ದರೆ ಹಗ್ಗ ಬಿಟ್ಟುಬಿಡಿ, ಹಾಯಿ ಪಟಪಟ ಅನ್ನುತ್ತದೆ, ದೋಣಿ ನಿಧಾನವಾಗುತ್ತದೆ." ಆಮೇಲೆ ದೋಣಿ ತಿರುಗುವಾಗ ಬೂಮ್ ಕೆಳಗೆ ತಲೆ ತಗ್ಗಿಸಿ ಆಚೆ ಬದಿಗೆ ಹೋಗಿ ಕೂರುವುದನ್ನು, ಹಗ್ಗವನ್ನೂ ಟಿಲ್ಲರನ್ನೂ ಕೈಯಿಂದ ಕೈಗೆ ಬದಲಿಸುವುದನ್ನು ಅಲ್ಲೇ ಒಣ ನೆಲದ ಮೇಲೆ ಸಾಕುಸಾಕೆನಿಸುವಷ್ಟು ಸಲ ಮಾಡಿಸುತ್ತಿದ್ದ. ನೋಡುವವರಿಗೆ ನಗು ಬರುತ್ತದೆ. ಮಾಡಿದವರಿಗೆ ನೀರಿನ ಮೇಲೆ ಕೈ ತಾನಾಗಿ ಹೋಗುತ್ತದೆ.

ಇದೆಲ್ಲ ಅವನ ಸ್ವಂತ ಸಂಶೋಧನೆಯೇನಲ್ಲ, ಶಿಕ್ಷಕರ ಕೋರ್ಸಿನಲ್ಲಿ ಹೇಳಿಕೊಡುವಂಥದ್ದೇ. ಆರ್‌ವೈಎ ಪದ್ಧತಿಯಲ್ಲಿ ಐದು ಸಂಗತಿಗಳಿವೆ: ಹಾಯಿ ಎಷ್ಟು ಬಿಗಿಯಿದೆ, ದೋಣಿ ಅಕ್ಕಪಕ್ಕಕ್ಕೆ ವಾಲಿದೆಯೇ, ಹಿಂದೆ ಮುಂದೆ ಭಾರ ಸಮವಾಗಿದೆಯೇ, ದೋಣಿಯ ನಡುವಿನಿಂದ ನೀರಿನೊಳಗೆ ಇಳಿಬಿಡುವ ಹಲಗೆ ಎಷ್ಟು ಕೆಳಗಿಳಿದಿದೆ, ಹೋಗುತ್ತಿರುವ ದಾರಿ ಸರಿಯೇ. ದೋಣಿ ಯಾಕೋ ಓಡುತ್ತಿಲ್ಲ ಅನ್ನಿಸಿದಾಗ ಈ ಐದನ್ನು ಬೆರಳು ಮಡಿಸಿ ಎಣಿಸುವುದು. ಮಗನೂ ಅದೇ ಕೋರ್ಸ್ ಮಾಡಿದ್ದ, ಆದರೆ ಅವನಿಗೆ ಅದು ಪರೀಕ್ಷೆಗೆ ಓದಿದ ಪಾಠವಷ್ಟೇ. ಅಳಿಯ ಇದೇ ಬೆರಳುಗಳನ್ನು ಎಣಿಸಿ ದೋಣಿ ಕಲಿತವನು. ನಡುವಯಸ್ಸಿನವರೊಬ್ಬರು ಎಲ್ಲಿ ಹೆದರುತ್ತಾರೆ, ಯಾವ ಕ್ಷಣದಲ್ಲಿ ಹಗ್ಗವನ್ನು ಬಿಡುವ ಬದಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬುದು ಅವನಿಗೆ ನೆನಪಿತ್ತು.

ಹಾಗೆಂದು ಮಗನನ್ನು ತಳ್ಳಿಹಾಕಬೇಡಿ. ನಿಮಗೆ ಬುನಾದಿ ಬಂದ ಮೇಲೆ, ದೋಣಿ ಸುಮಾರಾಗಿ ನಿಮ್ಮ ಮಾತು ಕೇಳುತ್ತದೆ ಅನ್ನುವಾಗ, ಅವನ ಜೊತೆ ಒಂದು ಮಧ್ಯಾಹ್ನ ಕೂತು ಬನ್ನಿ. ಅವನು ಏನೂ ಹೇಳದಿದ್ದರೂ ಪರವಾಗಿಲ್ಲ, ಬೀಸುಗಾಳಿ ಬಂದು ತಾಕುವ ಮೊದಲೇ ಅವನ ಮೈ ಹೊರಗೆ ವಾಲುವುದನ್ನು ನೋಡಿ. ನೀರಿನ ಮೇಲೆ ಕಪ್ಪಗೆ ಓಡಿಬರುವ ಸುಕ್ಕನ್ನು ನೋಡಿ ಅವನು ಹಾಗೆ ಮಾಡುತ್ತಾನೆ. ಅದನ್ನು ಕೇಳಿ ಕಲಿಯಲು ಆಗುವುದಿಲ್ಲ. ಒಂದೇ ಮನೆಯವರು ಒಂದೇ ದೋಣಿಯಲ್ಲಿ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರಾಮ್ ಸಾಕ್ಷಿ. 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವರು. 1984ರಲ್ಲಿ, 56ರ ವಯಸ್ಸಿನಲ್ಲಿ, ಮಗಳು ಟ್ರೀನ್ ಜೊತೆ ಟೊರ್ನಾಡೊ ಎಂಬ ಜೋಡಿ ಒಡಲಿನ ದೋಣಿಯಲ್ಲಿ ಸ್ಪರ್ಧಿಸಿ ನಾಲ್ಕನೇ ಸ್ಥಾನಕ್ಕೆ ಬಂದರು. ಅಪ್ಪ ಮಕ್ಕಳ ನಡುವೆ ಮಾತಿಲ್ಲದೆಯೂ ದಾಟುವ ವಿದ್ಯೆ ಉಂಟು. ನೀವು ಆ ಮನೆಯಲ್ಲಿ ಹುಟ್ಟಿದವರಲ್ಲವಾದ್ದರಿಂದ ನಿಮಗೆ ಮಾತಿನಲ್ಲಿ ಹೇಳಿಕೊಡುವವರು ಬೇಕು, ಅಷ್ಟೇ.

ಮಗಳ ವಿಷಯಕ್ಕೆ ಬಂದರೆ, ಇಂಥ ಶಾಲೆಗಳ ದೊಡ್ಡ ಬಲ ಹೆಚ್ಚಾಗಿ ಆ ಅಮ್ಮ. ಹೊರಗಿನವರಿಗೆ ಅವರು ಫೋನ್ ಎತ್ತುವವರು, ಫೀಸು ಬರೆದುಕೊಳ್ಳುವವರು. ನಾನು ಕಂಡ ಅಮ್ಮ ಮಕ್ಕಳ ತರಗತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದೇ ಇಲ್ಲ. ಮಕ್ಕಳಿಗೆ ಕೊಡುವುದು ಸಾಮಾನ್ಯವಾಗಿ ಆಪ್ಟಿಮಿಸ್ಟ್ ದೋಣಿ. 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ವಿನ್ಯಾಸ ಮಾಡಿದ್ದು. ಉದ್ದ ಸುಮಾರು 2.3 ಮೀಟರ್, ಒಡಲಿನ ತೂಕ 35 ಕಿಲೋ, ಒಂದೇ ಹಾಯಿ, ಮೂತಿ ಚಪ್ಪಟೆ. ನೋಡಲು ಸ್ನಾನದ ತೊಟ್ಟಿಯ ಹಾಗಿರುತ್ತದೆ. ಒಲಿಂಪಿಕ್ಸ್‌ಗೆ ಹೋದ ಎಷ್ಟೋ ಮಂದಿ ಶುರು ಮಾಡಿದ್ದು ಅದರಲ್ಲೇ.

ಆ ಅಮ್ಮ ಮೊದಲ ದಿನವೇ ಮಾಡಿಸುತ್ತಿದ್ದದ್ದು ದೋಣಿ ಮಗುಚುವ ಪಾಠ. ಬೇಕೆಂದೇ ಮಗುಚುವುದು. ಮಗು ಭಯ ಪಟ್ಟರೆ ಮೊದಲು ತಾವೇ ಲೈಫ್ ಜಾಕೆಟ್ ಹಾಕಿ, ದೋಣಿ ಮಗುಚಿ, ನೀರಿನಿಂದ ತಲೆ ಎತ್ತಿ, "ನೋಡು, ಕೂದಲು ಒದ್ದೆಯಾಯಿತು, ಇನ್ನೇನೂ ಆಗಲಿಲ್ಲ" ಅನ್ನುತ್ತಿದ್ದರು. ಆಮೇಲೆ ಮಗುವಿನ ಸರದಿ. ಬಿದ್ದ ಕೂಡಲೇ ದೋಣಿ ಹಿಡಿದುಕೋ, ಏನೇ ಆದರೂ ದೋಣಿ ಬಿಟ್ಟು ದಡಕ್ಕೆ ಈಜಬೇಡ, ಆ ನಡುವಿನ ಹಲಗೆಯ ಮೇಲೆ ಹತ್ತಿ ನಿಂತು ಹಿಂದಕ್ಕೆ ವಾಲು. ದೋಣಿ ಎದ್ದು ನಿಲ್ಲುತ್ತದೆ, ಒಳಗೆ ನೀರು ತುಂಬಿರುತ್ತದೆ, ಬಕೆಟ್ಟಿನಲ್ಲಿ ಎತ್ತಿ ಚೆಲ್ಲು. ಮಗುಚುವುದು ಹೇಗಿರುತ್ತದೆ ಎಂದು ಗೊತ್ತಿಲ್ಲದ ಮಗು ದೋಣಿ ಸ್ವಲ್ಪ ವಾಲಿದರೂ ಕಿರುಚುತ್ತದೆ. ಗೊತ್ತಿರುವ ಮಗು ಹತ್ತೇ ನಿಮಿಷದಲ್ಲಿ "ಇನ್ನೊಂದು ಸಲ ಮಗುಚಲಾ?" ಅಂತ ಪೀಡಿಸುತ್ತದೆ. ಮಗುಚುವ ಪಾಠವನ್ನು ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ ಎಂದು ದೂಡುವ ಶಾಲೆ ಕಂಡರೆ ನನಗೆ ಇಷ್ಟವಾಗುವುದಿಲ್ಲ.

ಈಗ ಅಪ್ಪ. ಇವರ ಹತ್ತಿರ ನೀವು ಪಾಠಕ್ಕೆ ಕೂರುವುದು ಕಡಿಮೆಯೇ ಇರಬಹುದು, ಆದರೆ ಇವತ್ತು ನೀರಿಗೆ ಇಳಿಯಬೇಕೋ ಬೇಡವೋ ಎಂದು ಹೇಳುವವರು ಇವರು. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಬೆಳಿಗ್ಗೆ 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್, ಇದ್ದ ಗಾಳಿ ಮಧ್ಯಾಹ್ನ 16 ಆದರೆ ಬೆಳಿಗ್ಗೆ ನಗುತ್ತಿದ್ದ ಹೊಸಬ ಮಧ್ಯಾಹ್ನ ಅದೇ ದೋಣಿಯಲ್ಲಿ ಮುಳುಗೇಳುತ್ತಿರುತ್ತಾನೆ. ಅದಕ್ಕಿಂತ ಮೋಸದ್ದು ದಡದಿಂದ ನೀರಿನ ಕಡೆಗೆ ಬೀಸುವ ಗಾಳಿ. ದಡದಲ್ಲಿ ನಿಂತು ನೋಡಿದರೆ ನೀರು ಸಪಾಟಾಗಿ ಕಾಣುತ್ತದೆ, ದೂರ ಹೋದಂತೆ ಜೋರಾಗುತ್ತದೆ, ಏನಾದರೂ ಕೆಟ್ಟರೆ ದೋಣಿ ತೇಲುವುದು ದಡದಿಂದ ಆಚೆಗೇ. ಇದನ್ನು ಅರಿತವರು "ಇವತ್ತು ಬೇಡ, ಗಂಟು ಹಾಕುವುದು ಕಲಿಯೋಣ ಬನ್ನಿ" ಅನ್ನುತ್ತಾರೆ. ಅಂದಿನ ದುಡ್ಡು ವಾಪಸು ಕೊಡಬೇಕಾಗಿ ಬಂದರೂ ಅನ್ನುತ್ತಾರೆ.

ಕುಟುಂಬದ ಶಾಲೆ ಎಡವುವುದಾದರೆ ಇಲ್ಲೇ. ಕಲಿಸುವವರು ಸಂಬಳಕ್ಕೆ ಬಂದವರಾದರೆ "ಸರ್, ಈ ಗಾಳಿಯಲ್ಲಿ ನಾನು ಮಕ್ಕಳನ್ನು ಇಳಿಸಲ್ಲ" ಎಂದು ಹೇಳಬಹುದು. ಅಪ್ಪನಿಗೆ ಮಗ ಹೇಳುತ್ತಾನಾ? ಮಾವನಿಗೆ ಅಳಿಯ ಹೇಳುತ್ತಾನಾ? ನಾನಿದ್ದ ಕಡೆ ಒಂದು ಕಟ್ಟುನಿಟ್ಟು ಇತ್ತು: ನಾಲ್ವರಲ್ಲಿ ಯಾರೊಬ್ಬರು ಬೇಡವೆಂದರೂ ಆ ತರಗತಿ ಇಲ್ಲ, ಯಾಕೆ ಎಂದು ಕೇಳುವುದು ಸಂಜೆಗೆ. ಸಂಜೆ ಜಗಳವೂ ಆಗುತ್ತಿತ್ತು, ಅಪ್ಪನ ದನಿ ಶೆಡ್ಡಿನಿಂದ ಆಚೆಗೂ ಕೇಳುತ್ತಿತ್ತು. ಆದರೆ ನೀರಿನ ಮೇಲೆ, ಕಲಿಯುವವರ ಎದುರಿಗೆ ಆ ಜಗಳ ಬರುತ್ತಿರಲಿಲ್ಲ. ನೀವು ಶಾಲೆಗೆ ಹೋದಾಗ ಸುಮ್ಮನೆ ಅಳಿಯನನ್ನೋ ಮಗನನ್ನೋ ಕೇಳಿ: "ಕಳೆದ ಸಲ ನೀವೇ ತರಗತಿ ನಿಲ್ಲಿಸಿದ್ದು ಯಾವಾಗ?" ತಡಮಾಡದೆ ಒಂದು ದಿನದ ಕಥೆ ಹೇಳಿದರೆ ಸರಿ. "ಅದೆಲ್ಲ ಅಪ್ಪಾಜಿ ನೋಡ್ಕೋತಾರೆ" ಅಂದರೆ ಸ್ವಲ್ಪ ಯೋಚಿಸಿ.

ಸೀಸನ್‌ನಲ್ಲಿ ಮನೆಯವರ ಜೊತೆ ಹೊರಗಿನ ಹುಡುಗ ಹುಡುಗಿಯರೂ ಕಲಿಸಲು ಸೇರಿಕೊಳ್ಳುತ್ತಾರೆ. ಅವರಿದ್ದರೆ ಒಳ್ಳೆಯದೇ. ಬೇರೆ ಕಡೆ ಕಲಿತವರು ಬಂದಾಗ ಮನೆಯವರ ಎಷ್ಟೋ ಹಳೆಯ ಚಾಳಿಗಳು ಹೊರಗೆ ಬೀಳುತ್ತವೆ.

ಸೇರುವ ಮೊದಲು ಒಂದು ತರಗತಿಯನ್ನು ದಡದಲ್ಲಿ ಕೂತು ನೋಡಿ, ಬೇಡವೆನ್ನುವವರ ಹತ್ತಿರ ಸೇರಬೇಡಿ. ಸೇಫ್ಟಿ ಬೋಟ್ ನೀರಿನಲ್ಲಿದೆಯಾ, ದಡದಲ್ಲಿ ಕಟ್ಟಿದೆಯಾ? ಓಡಿಸುವವರ ಕಾಲಿಗೆ ಎಂಜಿನ್ ಆಫ್ ಮಾಡುವ ಕೆಂಪು ದಾರ ಸಿಕ್ಕಿಸಿದೆಯಾ? ಓಡಿಸುವವರು ಆಯತಪ್ಪಿ ನೀರಿಗೆ ಬಿದ್ದರೆ ಆ ದಾರ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ, ಇಲ್ಲವಾದರೆ ಬೋಟು ತಾನೇ ಸುತ್ತುತ್ತಾ ಈಜುತ್ತಿರುವವರ ಮೇಲೆ ಬರುತ್ತದೆ. "ಮನೆಯವರೇ ಅಲ್ವಾ" ಎಂದು ಅದನ್ನು ಸಿಕ್ಕಿಸದೆ ಓಡಿಸುವುದನ್ನು ಕಂಡರೆ ಅಲ್ಲಿಂದ ಎದ್ದು ಬನ್ನಿ. ಒಬ್ಬೊಬ್ಬರೇ ಕೂರುವ ದೋಣಿಗಳಾದರೆ ಒಬ್ಬ ಶಿಕ್ಷಕರಿಗೆ ಆರು ಜನಕ್ಕಿಂತ ಹೆಚ್ಚಿರಬಾರದು ಎಂಬುದು ಆರ್‌ವೈಎ ಲೆಕ್ಕ. ಅದನ್ನೂ ಎಣಿಸಿ ನೋಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳುತ್ತೇನೆ. ಮಗಳ ಜೊತೆ ಒಂದೇ ದೋಣಿಯಲ್ಲಿ ಕಲಿಯಲು ಹೋಗಬೇಡಿ. ಅವಳು ನಿಮಗಿಂತ ಬೇಗ ಕಲಿಯುತ್ತಾಳೆ, ನೀವು ಅವಳ ಕೈಯಿಂದ ಟಿಲ್ಲರ್ ಕಿತ್ತುಕೊಳ್ಳುತ್ತೀರಿ, ಇಬ್ಬರೂ ಮುಖ ಊದಿಸಿಕೊಂಡು ದಡಕ್ಕೆ ಬರುತ್ತೀರಿ. ಅವಳನ್ನು ಆ ಅಮ್ಮನ ತರಗತಿಗೆ ಬಿಟ್ಟು, ಅದೇ ಸಮಯಕ್ಕೆ ಅಳಿಯನ ತರಗತಿ ಇದೆಯಾ ಎಂದು ವಿಚಾರಿಸಿ.