ಟ್ರೇಲರ್ ಎಳೆಯೋ ಲಾರಿಗೆ ಯಾವ ಟೈರ್?

ನಮಸ್ಕಾರ ಸರ್. ಇಳಕಲ್‌ನಿಂದ ಮಂಗಳೂರು ಬಂದರಿಗೆ ಗ್ರಾನೈಟ್ ಬ್ಲಾಕ್ ಸಾಗಿಸೋ ಟ್ರೇಲರ್, ಎಂಜಿನ್ ಗಾಡಿಯ ಹಿಂದಿನ ಟೈರ್ ಬೇಗ ಹೋಗ್ತಿವೆ, ಯಾವ ಕಂಪನಿಯದು ಹಾಕಿಸಲಿ ಅಂತ ಕೇಳಿದ್ದೀರಿ. ಕಂಪನಿ ಆಮೇಲೆ. ಮೊದಲು ಟೈರಿನ ಮೇಲೆ ಸೈಜಿನ ಪಕ್ಕ ಇರುವ ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ಹೊರಬಲ್ಲದು ಅಂತ ಹೇಳುವ ಅಂಕಿ, ಓದಿ.

10.00 ಆರ್ 20 ಸೈಜಿನಲ್ಲೇ 146/143 ಅಂತ ಒಂದು, 149/146 ಅಂತ ಇನ್ನೊಂದು ಸಿಗುತ್ತದೆ. ಮೊದಲ ಅಂಕಿ ಒಂಟಿ ಟೈರಿಗೆ, ಎರಡನೇ ಅಂಕಿ ಪಕ್ಕಪಕ್ಕ ಕೂರುವ ಜೋಡಿ ಟೈರಿಗೆ. 143 ಅಂದರೆ ಟೈರಿಗೆ 2725 ಕೆಜಿ, ನಾಲ್ಕಕ್ಕೆ 10,900. ಆದರೆ 2018ರ ನಂತರ ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ (ಚಕ್ರದ ಅಚ್ಚಿಗೆ) 11.5 ಟನ್‌ವರೆಗೆ ಅನುಮತಿ ಇದೆ. ಆರ್‌ಸಿಯಲ್ಲಿ ಅಷ್ಟಿದ್ದು ಅಷ್ಟೇ ತುಂಬಿದರೂ ಟೈರಿಗೆ ಜಾಸ್ತಿ ಆಯ್ತು ಅಲ್ವಾ? ಎರಡನೇ ಅಂಕಿ 146 ಇದ್ದರೆ ಒಂದಕ್ಕೆ 3000 ಕೆಜಿ, ಒಟ್ಟು 12 ಟನ್. ನಾನಾಗಿದ್ದರೆ ಕಣ್ಣುಮುಚ್ಚಿ 149/146 ತಗೋತೀನಿ.

ಒಳಗೆ ಉಕ್ಕಿನ ತಂತಿ ಇರುವ ರೇಡಿಯಲ್ಲೇ ಇರಲಿ, ನೈಲಾನ್ ದಾರದ ಹಳೇ ಮಾದರಿ ಬೇಡ. ನೈಲಾನ್ ಬೇಗ ಬಿಸಿಯಾಗುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಡ್ರಮ್ಮಿನ ಬಿಸಿಯೂ ರಿಮ್ ದಾಟಿ ಬೀಡ್‌ಗೆ, ಅಂದರೆ ರಿಮ್ಮಿಗೆ ಕೂರುವ ಟೈರಿನ ಅಂಚಿಗೆ, ತಾಗುತ್ತದೆ. ಎಳೆಯೋ ಚಕ್ರಕ್ಕೆ ದಪ್ಪ ಗಟ್ಟಿಗಳಿರುವ ಲಗ್ ಬಟನ್, ಮುಂದಕ್ಕೂ ಟ್ರೇಲರ್‌ಗೂ ಸುತ್ತ ಉದ್ದ ಗೆರೆಗಳಿರುವ ರಿಬ್ ಸಾಕು.

ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಮಾತ್ರ ದಯವಿಟ್ಟು ಹಾಕಬೇಡಿ. ಎತ್ತರ ಇರೋದೇ ಹೆಚ್ಚು ಭಾರ ಹೊತ್ತು ಮೊದಲು ಒಡೆಯುತ್ತದೆ. ಒಳಗಿನ ಟೈರಿನ ಗಾಳಿ ಬಹಳ ಜನ ನೋಡೋದೇ ಇಲ್ಲ. ವಾಲ್ವ್‌ಗೆ ಎಕ್ಸ್‌ಟೆನ್ಷನ್ ಹಾಕಿಸಿ, ಬೆಳಿಗ್ಗೆ ಗಾಡಿ ತೆಗೆಯೋ ಮೊದಲೇ ಗೇಜ್ ಇಟ್ಟು ನೋಡಿ. ತಗೊಳ್ಳುವಾಗ ತಯಾರಾದ ವಾರವನ್ನೂ ನೋಡಿ: 2324 ಅಂದರೆ 2024ರ 23ನೇ ವಾರ.

ನಿಮ್ಮ ಆರ್‌ಸಿಯಲ್ಲಿರುವ ಆಕ್ಸಲ್ ತೂಕ ಇಲ್ಲಿ ಹಾಕಿ, ಲೆಕ್ಕ ನೋಡಿ ಹೇಳ್ತೀನಿ.