ವಿಲ್ಲಾ-ಲೋಬೊಸ್ ಎಟ್ಯೂಡ್ 1: ನಡುವೆ ಅಪಸ್ವರ ಕೇಳಿಸುವುದು

ವಿಲ್ಲಾ-ಲೋಬೊಸ್ ಗಿಟಾರ್‌ಗೆ ಬರೆದ ಎಟ್ಯೂಡ್ (ಅಭ್ಯಾಸದ ಕೃತಿ) 1ನ್ನು ನುಡಿಸುವಾಗ ನಡುವೆ ಅಪಸ್ವರ ಕೇಳಿಸುತ್ತದೆ ಎಂದು ಕೇಳಿದ್ದಿರಿ. ಇದಕ್ಕೆ ಕಾರಣ ಬಹುಶಃ ಖಾಲಿ ತಂತಿಗಳು (ಎಡಗೈ ಒತ್ತದೆ ಮೀಟುವ ತಂತಿಗಳು), ನಿಮ್ಮ ಬೆರಳಲ್ಲ. ಎಡಗೈ ಒಂದೊಂದೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಹಿಂದಕ್ಕೆ ಬರುವ ಕಡೆ 'ಎಲ್ಲಾ ತಪ್ಪು ಸ್ವರದ ಹಾಗಿದೆ' ಎಂದಿರಲ್ಲ, ಅಲ್ಲಿ ನಡುವಿನ ನಾಲ್ಕು ತಂತಿಗಳ ಮೇಲೆ ಒಂದೇ ಡಿಮಿನಿಶ್ಡ್ ಕಾರ್ಡ್ (ಬಿಗುವಾಗಿ ಕೇಳಿಸುವ ಸ್ವರಗಳ ಗುಂಪು) ಜಾರುತ್ತಾ ಬರುತ್ತದೆ. 1 ಮತ್ತು 6ನೇ ತಂತಿ ಮಾತ್ರ ತಂಬೂರಿಯ ಹಾಗೆ 'ಇ' ಸ್ವರವನ್ನೇ ಹಿಡಿದು ಕೂತಿರುತ್ತವೆ.

ಮೊದಲು ಆ ಎರಡು ತಂತಿಗಳ ಶ್ರುತಿ ನೋಡಿ. ಸ್ವಲ್ಪ ಇಳಿದಿದ್ದರೂ ಈ ಭಾಗ ಪೂರ್ತಿ ಕೆಡುತ್ತದೆ. ಆಮೇಲೆ ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಮೀಟುವುದು) ಬಿಟ್ಟು, ನಡುವಿನ ನಾಲ್ಕು ತಂತಿಗಳನ್ನು ಮಾತ್ರ ಒಟ್ಟಿಗೆ ಮೀಟಿ, ಒಂದೊಂದೇ ಫ್ರೆಟ್ ಇಳಿಯಿರಿ. ಎಲ್ಲಾ ಕಡೆ ಒಂದೇ ಬಗೆಯ ಧ್ವನಿ ಬರಬೇಕು.

ಈಗ ಎರಡು ಖಾಲಿ ತಂತಿಗಳನ್ನೂ ಸೇರಿಸಿ. ತೋರುಬೆರಳು ಮೂರನೇ ತಂತಿಯ 9, 6, 3ನೇ ಫ್ರೆಟ್‌ನಲ್ಲಿದ್ದಾಗ 'ಇ' ಕಾರ್ಡಿನೊಳಗೇ ಇರುತ್ತದೆ, ಕಿವಿಗೆ ಹಿತ. ಉಳಿದ ಫ್ರೆಟ್‌ಗಳಲ್ಲಿ ಅದು ಹೊರಗಿನ ಸ್ವರ, ಕಚ್ಚುತ್ತದೆ. ಕಚ್ಚಲೇಬೇಕು, ಈ ಎಟ್ಯೂಡ್‌ನ ಮಜವೇ ಅದು ಅಲ್ವಾ!

9, 6, 3ರಲ್ಲೂ ಕೆಟ್ಟದಾಗಿ ಕೇಳಿಸಿದರೆ ಮಾತ್ರ ತಪ್ಪು ಹುಡುಕಿ. ನಿಮ್ಮ ನುಡಿಸಾಣಿಕೆ ಕೇಳದೆ ಖಚಿತವಾಗಿ ಹೇಳಲಾರೆ, ಆದರೆ ನನ್ನ ಕೈಯಲ್ಲಿ ಪ್ರತಿ ಸಲ ಸಿಕ್ಕಿಬಿದ್ದದ್ದು ಕಿರುಬೆರಳು. ಅದು ಎರಡನೇ ತಂತಿ ಒತ್ತುವಾಗ ಮೊದಲ ತಂತಿಗೆ ತಾಗಿ ಅದನ್ನು ಸಾಯಿಸುತ್ತಿತ್ತು. ಬೆರಳನ್ನು ಇನ್ನಷ್ಟು ನೆಟ್ಟಗೆ ನಿಲ್ಲಿಸಿ.

ಕಿವಿ ಇನ್ನೂ ಒಪ್ಪದಿದ್ದರೆ ಕ್ಯೂಬಾದ ಗಿಟಾರ್ ಸಂಗೀತ ರಚನೆಕಾರ ಬ್ರೌವರ್ ಅವರ 'ಎಸ್ತುದಿಯೋಸ್ ಸೆನ್ಸಿಯೋಸ್' (ಸರಳ ಎಟ್ಯೂಡ್‌ಗಳು) ಮೊದಲ ಐದನ್ನು ನುಡಿಸಿ ಬನ್ನಿ. ಕೈಗೆ ಇದಕ್ಕಿಂತ ತುಂಬಾ ಸುಲಭ.